ಕಡಲತೀರದ ಹಳೆಯ ಹೋಟೆಲನ್ನು ಮನೆಗಳಾಗಿ ಪರಿವರ್ತಿಸಬಹುದೇ?

ಪ್ರಶ್ನೆ – ಉಪ್ಪಳ:
ನಮ್ಮ ಕುಟುಂಬದ ಪಾಲಿಗೆ ಬಂದಿರುವ, ಕಡಲಿಗೆ ಮುಖಮಾಡಿದ ಮೂರು ಮಹಡಿಯ ಹೋಟೆಲು ಮುಚ್ಚಿ ವರ್ಷಗಳಾಗಿವೆ. ಅದನ್ನು ಕೆಡವದೆ, ಎರಡೆರಡು ಕೋಣೆಗಳನ್ನು ಒಂದುಗೂಡಿಸಿ ವಾಸದ ಮನೆಗಳನ್ನಾಗಿ ಮಾಡಬೇಕೆಂಬ ಆಸೆಯಿದೆ. ಮೊದಲು ಏನನ್ನು ಗಮನಿಸಬೇಕು?

ಉತ್ತರ – ಹೊಸದುರ್ಗ:
ಮೊದಲು ಕಾಗದಪತ್ರಗಳನ್ನು ನೋಡಿ. ಕಟ್ಟಡದ ಬಳಕೆಯನ್ನು ಬದಲಿಸಲು ಪಂಚಾಯತಿನ ಅನುಮತಿ ಬೇಕು. ಅದಕ್ಕಿಂತಲೂ ಮುಖ್ಯವಾಗಿ, ಮೂಲ ಪರವಾನಗಿಯು ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಹೊಂದಿತ್ತೇ ಎಂಬುದು ಖಚಿತವಾಗಬೇಕು. ಕೊಚ್ಚಿಯ ಮರಡಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳನ್ನು ಉರುಳಿಸಿದಾಗ, ಸ್ಥಳೀಯ ಸಂಸ್ಥೆ ಕೊಟ್ಟಿದ್ದ ಪರವಾನಗಿಯು ಅಲ್ಲಿನ ಮನೆಯವರನ್ನು ಕಾಯಲಿಲ್ಲ.

ಉತ್ತರ – ಮಂಜೇಶ್ವರ, ಸಿವಿಲ್ ಇಂಜಿನಿಯರ್:
ಮೇಲಿನವರ ಮಾತು ಸರಿ, ಆದರೆ ಕಟ್ಟಡದ ಆರೋಗ್ಯವೂ ಅಷ್ಟೇ ದೊಡ್ಡ ಪ್ರಶ್ನೆ. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಸರಳಿನ ಉದ್ದಕ್ಕೂ ಬಿರುಕು ಬಿಟ್ಟು ಕಾಂಕ್ರೀಟು ಚಕ್ಕೆಯಾಗಿ ಉದುರುತ್ತದೆ. ಸಮುದ್ರದ ಕಡೆಯ ಬಾಲ್ಕನಿಗಳ ಅಡಿಭಾಗದಲ್ಲಿ ಕಂದುಬಣ್ಣದ ಗೆರೆಗಳಿವೆಯೇ ಎಂದು ನೋಡಿ. ಇದ್ದರೆ, ದಯವಿಟ್ಟು ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆಸಬೇಡಿ. ಕಾಂಕ್ರೀಟಿನ ಮಾದರಿ ತೆಗೆಸಿ ಪರೀಕ್ಷಿಸಿ. ಅಡಿಗೆಮನೆಗಳನ್ನು ಈಗಿರುವ ಸ್ನಾನದ ಕೋಣೆಗಳ ಕೊಳವೆ ಸಾಲಿಗೆ ಒತ್ತಿಕೊಂಡೇ ಯೋಜಿಸಿದರೆ ಒಡೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ.