ಜೀಪಿಗೆ ಫಾಗ್ ಲೈಟ್ ವೈರಿಂಗ್ ನಾವೇ ಮಾಡಿದ್ರೆ ಜಾಯಿಂಟ್ ಬಿಡದ ಹಾಗೆ ಹೇಗೆ?

ಮೂಡಿಗೆರೆ ಕಡೆಯವನು ನಾನು. ತೋಟದ ಹಳೇ ಡೀಸೆಲ್ ಜೀಪಿಗೆ 55 ವ್ಯಾಟಿಂದು ಎರಡು ಫಾಗ್ ಲೈಟ್ ನಾನೇ ಹಾಕಿದೆ, ವೈರ್ ತಿರುಚಿ ಟೇಪ್ ಸುತ್ತಿದ್ದೆ ಅಷ್ಟೇ. ಮಳೆ ಹಿಡಿದ್ಮೇಲೆ ಒಂದ್ಸಲ ಉರಿಯತ್ತೆ ಒಂದ್ಸಲ ಇಲ್ಲ, ಮೊನ್ನೆ ಚಾರ್ಮಾಡೀಲಿ ಎರಡೂ ಹೋಯ್ತು. ಸೋಲ್ಡರ್ ಮಾಡ್ಲಾ? ಮಾಡಿ ನೋಡಿರೋರು ಹೇಳಿ.

— ಅಣ್ಣ, ನಂದೂ ಇದೇ ಕಥೆ, ಸಕಲೇಶಪುರ ನಮ್ಮದು. ಶಿರಾಡಿ ಇಳೀತಾ ಲೈಟ್ ಹೋಗಿ ಮಂಜಲ್ಲಿ ರಸ್ತೆ ಅಂಚೇ ಕಾಣದೆ ಅಮ್ಮನ್ನ ಕೂರಿಸ್ಕೊಂಡು ಸೈಡಿಗೆ ಹಾಕಿ ನಿಂತಿದ್ದೆ, ಆ ಭಯ ಇನ್ನೂ ಹೋಗಿಲ್ಲ. ಬೆಳಿಗ್ಗೆ ಟೇಪ್ ಬಿಚ್ಚಿದ್ರೆ ಅಂಟೆಲ್ಲ ಬೆರಳಿಗೆ ಮೆತ್ತಿಕೊಳ್ತು, ಒಳಗಿಂದ ಒಂದು ಹನಿ ನೀರು ಬಿತ್ತು, ತಾಮ್ರದ ಎಳೆ ಪೂರ್ತಿ ಹಸಿರು ಕಿಲುಬು, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿತ್ತು. ಟೇಪನ್ನ ನಂಬಲೇಬೇಡಿ.

ಮೊದ್ಲು ಬ್ಯಾಟರಿ ಮೈನಸ್ ಬಿಚ್ಚಿಟ್ಟು ಕೆಲ್ಸ ಶುರು ಮಾಡಿ. ಆದಷ್ಟು ನಡುವೆ ಜಾಯಿಂಟೇ ಬರದ ಹಾಗೆ ಉದ್ದಕ್ಕೆ ಒಂದೇ ವೈರ್ ಎಳೀರಿ, 2.5 ಸ್ಕ್ವೇರ್ ಎಂಎಂ ಸಾಕು. ತುದಿಗೆ ಲಗ್ (ವೈರ್ ತುದಿಗೆ ಹಾಕೋ ಲೋಹದ ಟೋಪಿ) ಹಾಕಿ ಕ್ರಿಂಪ್ ಮಾಡಿ, ಅಂದ್ರೆ ಒತ್ತಿ ಬಿಗಿ ಮಾಡಿ, ಆದ್ರೆ ಕಟಿಂಗ್ ಪ್ಲೇಯರಲ್ಲಿ ಒತ್ತಬೇಡಿ, ಒತ್ತಿದ ಹಾಗೆ ಕಾಣತ್ತೆ ಹಿಡ್ಕೊಂಡಿರಲ್ಲ. ರಾಚೆಟ್ ಇರೋ ಕ್ರಿಂಪಿಂಗ್ ಟೂಲ್ ಸಿಗತ್ತೆ, ಪೂರ್ತಿ ಒತ್ತೋ ತನಕ ಅದು ಬಾಯೇ ಬಿಡಲ್ಲ. 2.5ರ ವೈರಿಗೆ ನೀಲಿ ಲಗ್, ಹಳದಿ ಹಾಕಿದ್ರೆ ಲೂಸ್ ಆಗತ್ತೆ. ಹಾಕಿದ್ಮೇಲೆ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಬಂದ್ರೆ ಅಲ್ಲೇ ಬರ್ಲಿ. ಮೇಲೆ ಒಳಗಡೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಕುಗ್ಗಿ ಹಿಡ್ಕೊಳ್ಳೋ ಕೊಳವೆ) ಹಾಕಿ, ಬಿಸಿ ಮಾಡಿದಾಗ ಅಂಚಲ್ಲಿ ಅಂಟು ಸ್ವಲ್ಪ ಉಕ್ಕಿ ಬರ್ಬೇಕು. ಸ್ಲೀವನ್ನ ಮುಂಚೆನೇ ವೈರಿಗೆ ತೂರಿಸಿರಿ, ನಾನು ಎರಡ್ಸಲ ಮರ್ತು ಕತ್ತರಿಸಿ ಮತ್ತೆ ಮಾಡಿದೀನಿ.

ಸೋಲ್ಡರ್ ಕೆಟ್ಟದ್ದಲ್ಲ, ಆದ್ರೆ ಕರಗಿದ ಸೋಲ್ಡರ್ ಎಳೆಗಳ ಒಳಗೆ ಹೀರ್ಕೊಂಡು ವೈರ್ ಕಡ್ಡಿ ಥರ ಆಗತ್ತೆ, ಡೀಸೆಲ್ ಎಂಜಿನ್ ನಡುಕಕ್ಕೆ ಆ ಗಟ್ಟಿ ಭಾಗ ಮುಗಿಯೋ ಜಾಗದಲ್ಲೇ ಮುರಿಯತ್ತೆ. ಹಾಕಲೇಬೇಕು ಅಂದ್ರೆ ಜಾಯಿಂಟಿನ ಎರಡೂ ಕಡೆ ಅಲ್ಲಾಡದ ಹಾಗೆ ಕಟ್ಟಿ.

ಇನ್ನೊಂದು, ಎರಡು ಬಲ್ಬಿಗೆ ಹತ್ತಿರತ್ತಿರ 9 ಆಂಪಿಯರ್, ಅದನ್ನ ಸ್ವಿಚ್ಚಲ್ಲಿ ನೇರ ಹರಿಸ್ಬೇಡಿ, ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು, ಅದರ ಪಿನ್ನಿನ ಮೇಲೆ ನಂಬರ್ ಇರತ್ತೆ. ಬ್ಯಾಟರಿ ಪ್ಲಸ್ಸಿಂದ 15 ಆಂಪಿಯರ್ ಫ್ಯೂಸ್ ದಾಟಿ 30ನೇ ಪಿನ್ನಿಗೆ, 87ರಿಂದ ಲೈಟಿಗೆ, 85-86ರಲ್ಲಿ ಒಂದು ಸ್ವಿಚ್ಚಿಗೆ, ಇನ್ನೊಂದು ಅರ್ಥಿಗೆ (ಬ್ಯಾಟರಿ ಮೈನಸ್ ಸೇರಿರೋ ಗಾಡಿಯ ಲೋಹದ ಮೈಗೆ). ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ದೂರ ಇದ್ರೆ ಮಧ್ಯದ ವೈರ್ ಗಾಡಿಯ ಲೋಹಕ್ಕೆ ತಾಗಿದಾಗ ಅದು ಕಾಯಲ್ಲ.

— ಮೇಲಿನವರು ಹೇಳಿದ್ದು ಸರಿ. ಹಾಸನದಲ್ಲಿ ನಮ್ಮನೆ ಪಿಕಪ್ಪಲ್ಲಿ ಪ್ಲಸ್ ಕಡೆ ಎಲ್ಲಾ ಹೊಸದು ಹಾಕಿದ್ರೂ ಲೈಟ್ ಮಂಕು, ಕೊನೆಗೆ ಅರ್ಥಲ್ಲಿತ್ತು ತೊಂದ್ರೆ. ಲೈಟ್ ಉರಿಯೋವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಲೈಟಿನ ಅರ್ಥ್ ವೈರಿಗೆ ಇಟ್ಟು ನೋಡಿ, 0.2 ವೋಲ್ಟ್ ಒಳಗೆ ಬರ್ಬೇಕು. ನಮ್ಮದ್ರಲ್ಲಿ 1.4 ಇತ್ತು.

— ಈಗಷ್ಟೇ ಹೋಗಿ ನನ್ನ ಜೀಪ್ ನೋಡ್ದೆ ಅಣ್ಣ. ಅರ್ಥ್ ಬೋಲ್ಟ್ ಬಿಚ್ಚಿದ್ರೆ ಕೆಳಗೆ ಪೇಂಟ್ ಹಾಗೇ ಇದೆ, ನಾನು ಕೆರೆದೇ ಇರ್ಲಿಲ್ಲ. ಎಮರಿ ಪೇಪರಲ್ಲಿ ಲೋಹ ಹೊಳೆಯೋ ತನಕ ಉಜ್ಜಿ ಬಿಗಿ ಮಾಡಿ ಮೇಲೆ ವ್ಯಾಸಲಿನ್ ಹಚ್ಚಿದೀನಿ. ಕ್ರಿಂಪಿಂಗ್ ಟೂಲ್ ನಾಳೆ ಚಿಕ್ಕಮಗಳೂರಿಂದ ತರ್ತೀನಿ, ಉಳಿದಿದ್ದೆಲ್ಲ ಕಿತ್ತು ಮಾಡೋದೇ.