ಆಮೋಸನಿಗೆ ಹಬ್ಬಗಳ ಮೇಲೆ ಯಾಕಷ್ಟು ಸಿಟ್ಟು?

ಪ್ರಶ್ನೆ: ಬೈಬಲಿನ ಯೆಶಾಯ 44ನೇ ಅಧ್ಯಾಯ ಅರ್ಥವಾಯಿತು, ಅದು ವಿಗ್ರಹಪೂಜೆಯ ಅಣಕ. ಒಬ್ಬ ಅರ್ಧ ಕಟ್ಟಿಗೆಯಲ್ಲಿ ರೊಟ್ಟಿ ಸುಡುತ್ತಾನೆ, ಉಳಿದದ್ದನ್ನು ದೇವರು ಮಾಡಿ ಅಡ್ಡಬೀಳುತ್ತಾನೆ. ಆದರೆ ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ದೇವರಾದ ಯೆಹೋವನಿಗೆ ತನ್ನ ಹಬ್ಬಗಳೇ ಬೇಡ, ಹಾಡುಗಳೂ ಬೇಡ. ನಾನು ಚರ್ಚಿನಲ್ಲಿ ಹಾಡುವವಳು. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ 1: ಆಮೋಸ ತೆಕೋವದ ಕುರಿಗಾರ. ಇಸ್ರಾಯೇಲರ ಆರಾಧನಾ ಸ್ಥಳವಾದ ಬೇತೇಲಿಗೆ ಹೋಗಿ ಮಾತಾಡಿದ. ಅಲ್ಲಿ ಬಲಿಗಳಿಗೆ ಕೊರತೆ ಇರಲಿಲ್ಲ. ಆದರೆ ಒಂದು ಜೊತೆ ಚಪ್ಪಲಿಗೆ ಬಡವರನ್ನು ಮಾರುತ್ತಿದ್ದರು. ಬಡವರು ಅಡವಿಟ್ಟ ಬಟ್ಟೆಯನ್ನೇ ಹಾಸಿಕೊಂಡು ಉಳ್ಳವರು ಬಲಿಪೀಠದ ಪಕ್ಕ ಮಲಗುತ್ತಿದ್ದರು. ಹಾಡು ತಪ್ಪಲ್ಲ ಅಕ್ಕ, ಆ ಅನ್ಯಾಯ ಇಟ್ಟುಕೊಂಡು ಹಾಡುವುದು ತಪ್ಪು.

ಉತ್ತರ 2: ಯೆರೆಮೀಯ 7 ಕೂಡ ಓದಿ. ಕದ್ದು, ಸುಳ್ಳಾಣೆ ಇಟ್ಟು, ಆಲಯಕ್ಕೆ ಬಂದು 'ಪಾರಾದೆವು' ಅನ್ನುತ್ತಿದ್ದರು. ನನಗೆ ಇದೇ ಜಾಸ್ತಿ ಭಯ. ಆಲಯವೇ ವಿಗ್ರಹವಾಗಬಹುದು, ಅಲ್ವಾ?

ಪ್ರಶ್ನೆ ಕೇಳಿದವಳು: ಹೌದು. ನಮ್ಮ ಮನೆಗೆಲಸದವರಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ. ಭಾನುವಾರದೊಳಗೆ ಕೊಡುತ್ತೇನೆ.