'ಅಡ್ವೈಸ್ಡ್ ಮಿ ಟು ಗೋ' ಸರಿ, 'ಸಜೆಸ್ಟೆಡ್ ಮಿ ಟು ಗೋ' ಯಾಕೆ ತಪ್ಪು?

ಎರಡರ ಅರ್ಥನೂ ಹತ್ರ ಹತ್ರ ಒಂದೇ, ಆದ್ರೂ ಅಡ್ವೈಸ್ ಮುಂದೆ 'ಮಿ ಟು ಗೋ' ಬರತ್ತೆ, ಸಜೆಸ್ಟ್ ಮುಂದೆ ಬರಲ್ಲ ಅಂತಾರೆ, ಇದಕ್ಕೆ ಅರ್ಥದಲ್ಲೇ ಏನಾದ್ರೂ ಕಾರಣ ಇದ್ಯಾ ಇಲ್ಲ ಬರೀ ರೂಢಿನಾ ಗೊತ್ತಿದ್ದವರು ಬಿಡಿಸಿ ಹೇಳಿ.

ನಮಗೆ ತೊಡಕಾಗೋದು ಯಾಕೆ ಅನ್ನೋದೇನೋ ಗೊತ್ತಾಗತ್ತೆ. ಕನ್ನಡದಲ್ಲಿ ಹೇಳೋದಿರಲಿ, ಕೇಳೋದಿರಲಿ, ಒಪ್ಕೊಳ್ಳೋದಿರಲಿ, ಹಠ ಹಿಡಿಯೋದಿರಲಿ, ಒಂದು 'ಅಂತ' ಹಾಕಿದ್ರೆ ಮುಗೀತು, ಯಾರು ಮಾಡ್ಬೇಕು ಅನ್ನೋದನ್ನ ಅದರ ಹಿಂದಿನ ಕ್ರಿಯಾಪದವೇ ಹೇಳಿಬಿಡತ್ತೆ. ಹೋಗು ಅಂದ್ಳು, ಹೋಗೋಣ ಅಂದ್ಳು, ಹೋಗ್ತೀನಿ ಅಂದ್ಳು, ಎಲ್ಲೂ ಗೊಂದಲ ಇಲ್ಲ. ಇಂಗ್ಲಿಷಲ್ಲಿ 'ಸಜೆಸ್ಟೆಡ್ ಗೋಯಿಂಗ್' ಅಂದ್ರೆ ಸಾಮಾನ್ಯವಾಗಿ ಹೋಗೋಣ ಅನ್ನೋ ಅರ್ಥ, ನೀನು ಹೋಗು ಅನ್ನೋದಕ್ಕೆ 'ಸಜೆಸ್ಟೆಡ್ ದಟ್ ಐ ಗೋ' ಬೇಕು. ಇನ್ನು 'ಟೋಲ್ಡ್ ಮಿ ಟು ಕಮ್', 'ಪ್ರಾಮಿಸ್ಡ್ ಮಿ ಟು ಕಮ್' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೊದಲನೇದ್ರಲ್ಲಿ ಬರಬೇಕಾದವನು ನಾನು, ಎರಡನೇದ್ರಲ್ಲಿ ಮಾತು ಕೊಟ್ಟವನು, ವಾಕ್ಯದ ಹೊರಗಿನ ರೂಪ ಮಾತ್ರ ಒಂದೇ!

ನನಗೆ ತುಂಬಾ ಇಷ್ಟವಾದದ್ದು ಇನ್ಸಿಸ್ಟ್. 'ಶಿ ಇನ್ಸಿಸ್ಟೆಡ್ ದಟ್ ಹಿ ಗೋ' ಅಂದ್ರೆ ಅವನು ಹೋಗಲೇಬೇಕು ಅಂತ ಪಟ್ಟು ಹಿಡಿದ್ಳು, 'ದಟ್ ಹಿ ವೆಂಟ್' ಅಂದ್ರೆ ಅವನು ಹೋಗಿದ್ದು ನಿಜ ಅಂತ ಸಾಧಿಸಿದ್ಳು. ಒಂದು ಕ್ರಿಯಾಪದದ ರೂಪ ಬದಲಾದ್ರೆ ಒತ್ತಾಯ ಹೋಗಿ ವಾದ ಆಗತ್ತೆ. ಆ 'ಗೋ'ಗೆ ಹಿ ಇದ್ರೂ ಎಸ್ ಸೇರಲ್ಲ, ಬ್ರಿಟಿಷರು ಅಲ್ಲಿ 'ಶುಡ್ ಗೋ' ಅಂತಲೂ ಬರೀತಾರೆ.

'ಸೆಡ್ ಮಿ', 'ಎಕ್ಸ್‌ಪ್ಲೇನ್ಡ್ ಮಿ ದಿ ರೂಲ್' ಇವೆಲ್ಲ ನಮ್ಮ 'ನನಗೆ'ಯಿಂದ ಬಂದದ್ದು ಇರಬೇಕು, ಎರಡಕ್ಕೂ ನಡುವೆ ಟು ಬೇಕು, ಅದರಲ್ಲಿ ಚರ್ಚೆ ಇಲ್ಲ. ಅಕ್ಯೂಸ್‌ಗೆ ಆಫ್, ಡಿನೈಗೆ ಡೂಯಿಂಗ್, ಇವನ್ನ ಕ್ರಿಯಾಪದದ ಜೊತೆಗೇ ಬಾಯಿಪಾಠ ಮಾಡಿಸೋದೇ ವಾಸಿ, ಅರ್ಥ ಒಂದನ್ನೇ ಕಲಿಸಿದ್ರೆ ಉಪಯೋಗಕ್ಕೆ ಬರಲ್ಲ.

ಆದ್ರೆ ರೆಕಮೆಂಡ್ ನೋಡಿ, ಅದೂ ಸಜೆಸ್ಟ್ ಥರದ್ದೇ, ಆದ್ರೂ 'ರೆಕಮೆಂಡ್ ಯು ಟು ಬುಕ್' ಅನ್ನೋ ಪ್ರಯೋಗಕ್ಕೆ ಬ್ರಿಟಿಷ್ ಡಿಕ್ಷನರಿಗಳಲ್ಲಿ ಜಾಗ ಇದೆ. ಹಾಗಾದ್ರೆ ಸಜೆಸ್ಟ್‌ಗೆ ಮಾತ್ರ ಬಾಗಿಲು ಹಾಕಿರೋದು ಯಾಕೆ?